ಸಣ್ಣ ಊರುಗಳು ಕೆಲವು ಆಚರಣೆ ಬಿಡುತ್ತವೆ, ಕೆಲವು ಬಿಡುವುದಿಲ್ಲ, ಯಾಕೆ?

ನಂಬಿಕೆ ಕಡಿಮೆಯಾದ್ದಕ್ಕೇ ಆಚರಣೆಗಳು ನಿಲ್ಲುತ್ತವಾ ಅಂತ ಕೇಳಿದ್ದೀರಿ. ನಮ್ಮೂರು ನೋಡಿದರೆ ಹಾಗನ್ನಿಸುವುದಿಲ್ಲ. ಸಕಲೇಶಪುರ ತಾಲ್ಲೂಕಿನ ಒಂದು ಮೂಲೆ, ಮೂವತ್ತು ಚಿಲ್ಲರೆ ಮನೆ. ಗದ್ದೆ ಹೋಯಿತು, ಸುಗ್ಗಿ ಉಳಿಯಿತು.

ಈ ಕಡೆ ಸುಗ್ಗಿ ಅಂದರೆ ಸಂಕ್ರಾಂತಿಯಲ್ಲ, ಬೇಸಿಗೆಯಲ್ಲಿ ಊರ ದೇವರಿಗೆ ಮಾಡುವ ಹಬ್ಬ. ಹಬ್ಬ ಬಂತೆಂದು ಊರಿಗೆಲ್ಲ ಕೂಗಿ ಹೇಳುವುದೇ ಸಾರು. ಸಾರು ಹಾಕಿದ ದಿನದಿಂದ ಕಟ್ಟು, ಅಂದರೆ ಇಂಥದ್ದು ಮಾಡಬಾರದು ಅನ್ನುವ ಕಟ್ಟುಪಾಡು, ಶುರು. ನಮ್ಮಲ್ಲಿ ಹಸಿ ಮರ ಕಡಿಯುವ ಹಾಗಿಲ್ಲ, ನೆಲ ಅಗೆಯುವ ಹಾಗಿಲ್ಲ, ಒಗ್ಗರಣೆ ಹಾಕುವ ಹಾಗಿಲ್ಲ. ಅಮ್ಮ ಸಾಸಿವೆ ಡಬ್ಬಿಯನ್ನೇ ಅಟ್ಟಕ್ಕೆ ಹಾಕಿಬಿಡುತ್ತಾಳೆ, ಅಭ್ಯಾಸಬಲದಿಂದ ಎಲ್ಲಿ ಚಟಪಟ ಅನ್ನಿಸಿಬಿಡುತ್ತೇನೋ ಅಂತ.

ಒಂದು ವರ್ಷ ಮಳೆ ಕೈಕೊಟ್ಟು, ರೊಬಸ್ಟಾ ಕಾಫಿಗೆ ಹೂವಿನ ನೀರು ಕೊಡುವ ಹೊತ್ತು ಕಟ್ಟಿನ ನಡುವೆಯೇ ಬಂತು. ನೀರು ಬಿದ್ದು 8–10 ದಿನಕ್ಕೆ ಹೂ ಅರಳಬೇಕು, ತಡವಾದರೆ ಆ ವರ್ಷದ ಫಸಲೇ ಹೋದಂತೆ. ಗುಡಿ ಜಗಲಿಯಲ್ಲಿ ಪಂಚಾಯ್ತಿ ಕೂತಿತು. ಗೇಣು ತೋಟವೂ ಇಲ್ಲದ ಒಬ್ಬ ಅಜ್ಜ, "ಅಗೀಬೇಡಿ ಅಂದವ್ರೆ, ನೀರು ಹಾಕ್ಬೇಡಿ ಅಂತ ಯಾರು ಅಂದವ್ರೆ?" ಅಂದ. ಆ ರಾತ್ರಿಯೇ ಸ್ಪ್ರಿಂಕ್ಲರ್ ತಿರುಗಿತು.

ಮುಯ್ಯಾಳು ಮಾತ್ರ ಹೇಳದೆ ಕೇಳದೆ ಹೋಯಿತು. ಇವತ್ತು ನಿಮ್ಮ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು ಅನ್ನುವ ಲೆಕ್ಕ ಅದು. ಅದನ್ನು ಬೇಡ ಅಂದವರು ಯಾರೂ ಇಲ್ಲ. ಆನೆ ಕಾಟ, ಕೂಲಿ ಖರ್ಚು ಅಂತ ಒಬ್ಬೊಬ್ಬರೇ ಗದ್ದೆ ಪಾಳು ಬಿಟ್ಟರು. ಮುಯ್ಯಿ ತೀರಿಸಲು ಗದ್ದೆಯೇ ಇಲ್ಲ. ನಾಟಿ ಪದ ಮೊಬೈಲಿನಲ್ಲಿ ತುಂಬಿಸಿಕೊಳ್ಳೋಣ ಅಂತ ಅಜ್ಜಿಯನ್ನು ಕೂರಿಸಿದೆ. ಎರಡು ಸಾಲಿಗೇ ನಿಂತಳು. "ಕೆಸರಲ್ಲಿ ಕಾಲಿಲ್ದೆ ಪದ ಬರಲ್ಲ ಕಣೋ."

ನನಗನ್ನಿಸುವುದು ಇಷ್ಟು. ಸುಗ್ಗಿಗೆ ಬೆಂಗಳೂರಿನಲ್ಲಿರುವವನು ಮೂರು ದಿನ ರಜೆ ಹಾಕಿದರೆ ಸಾಕು. ಮನೆಗೊಬ್ಬರು ಬರಲೇಬೇಕು, ವಂತಿಗೆ ಕೊಡಲೇಬೇಕು. ತಪ್ಪಿಸಿಕೊಂಡರೆ ವರ್ಷಪೂರ್ತಿ ಅವನ ಅಪ್ಪ ಮಾತು ಕೇಳಬೇಕು. ಮುಯ್ಯಾಳಿಗೆ ರಜೆಯಲ್ಲಿ ಬರುವ ಮಗ ಸಾಲದು. ಜುಲೈ ಮಳೆಯಲ್ಲಿ ಬಗ್ಗಿ ನಿಲ್ಲುವವನು ಬೇಕು.

ಉಳಿದದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಈಗ ಸಾರು ಮೊದಲು ವಾಟ್ಸಾಪ್ ಗುಂಪಿನಲ್ಲೇ ಬರುತ್ತದೆ. ಆದರೂ ಸಾರುವವನು ಸಂಜೆ ಮನೆ ಮನೆಗೂ ಬಂದು ಕೂಗಿ ಹೋಗಬೇಕು. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಇವತ್ತಿಗೂ ನಮ್ಮ ಅಂಗಳದ ಆಚೆಯೇ ನಿಂತು ಕೂಗುತ್ತಾನೆ.