ಮೇಲಿಂದ ತೆಗೆದ ಫೋಟೋ ಕಳಿಸಬೇಡಿ

ಜೂನ್ ಎರಡನೇ ವಾರ ಬಂತು ಅಂದರೆ ನನ್ನ ವಾಟ್ಸಾಪ್ ತುಂಬ ಅಣಬೆ. ಮುಂಬೈ, ಪುಣೆ, ವಾಸ್ಕೋ, ಎಲ್ಲ ಕಡೆಯ ಕನ್ನಡದವರಿಂದಲೂ. ಹೆಚ್ಚಿನವು ನಿಂತುಕೊಂಡೇ ಮೇಲಿಂದ ತೆಗೆದ ಫೋಟೋಗಳು. ಒಂದು ಬಿಳಿ ಕೊಡೆ, ಪಕ್ಕದಲ್ಲಿ ತೆಗೆದವರ ಚಪ್ಪಲಿ, ಕೆಳಗೆ ಒಂದೇ ಸಾಲು: ‘ತಿನ್ನಬಹುದಾ ಮೇಡಂ?’ ಆ ಫೋಟೋ ನೋಡಿ ಚಪ್ಪಲಿಯ ಸೈಜ್ ಬೇಕಾದರೆ ಹೇಳಬಲ್ಲೆ, ಅಣಬೆಯ ಜಾತಿ ಹೇಳಲಾರೆ. ಮತ್ತೆ ಮತ್ತೆ ಬರುವ ಐದು ಪ್ರಶ್ನೆ ಆರಿಸಿದ್ದೇನೆ. ಜಾಗವೆಲ್ಲ ಮೊದಲನೆಯದಕ್ಕೇ ಹೋಗುತ್ತದೆ, ಬೇರೆಯವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಸೊಸೈಟಿಯ ಹುಲ್ಲಿನಲ್ಲಿ ದೊಡ್ಡ ಬಿಳಿ ಅಣಬೆ ಎದ್ದಿವೆ, ಮೇಲೆ ಕಂದು ಚಕ್ಕೆಗಳಿವೆ. ನಮ್ಮ ಅತ್ತೆ ಕಾರ್ಕಳದವರು. ಊರಲ್ಲಿ ಇದನ್ನೇ ಪಲ್ಯ ಮಾಡ್ತಿದ್ದೆವು ಅಂತಾರೆ. ಕುದಿಸುವಾಗ ಬೆಳ್ಳಿ ನಾಣ್ಯ ಹಾಕಿ ನೋಡಿದೆವು, ಕಪ್ಪಾಗಲಿಲ್ಲ. ಆದರೂ ನಿಮ್ಮನ್ನು ಕೇಳಿ ತಿನ್ನೋಣ ಅಂತ ಫ್ರಿಜ್‌ನಲ್ಲಿ ಇಟ್ಟಿದ್ದೇವೆ.

ಮೊದಲು ಫ್ರಿಜ್‌ನಿಂದ ತೆಗೆದು ಕಸಕ್ಕೆ ಹಾಕಿ. ಆಮೇಲೆ ಮುಂದೆ ಓದಿ.

ಬೆಳ್ಳಿ ನಾಣ್ಯದ ವಿಷಯ ಬೇಗ ಮುಗಿಸುತ್ತೇನೆ, ಇಪ್ಪತ್ತು ವರ್ಷದಿಂದ ಹೇಳಿ ಹೇಳಿ ಸಾಕಾಗಿದೆ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಬೇಯಿಸಿದ ಮೊಟ್ಟೆಗೆ ಬೆಳ್ಳಿ ಚಮಚ ಹಾಕಿದರೂ ಕಪ್ಪಾಗುತ್ತದೆ. ಮೊಟ್ಟೆ ವಿಷವಾ? ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಅಣಬೆಯನ್ನು ಬೇಯಿಸುವಾಗಲೂ ನಿಮ್ಮ ನಾಣ್ಯ ಹೊಳೆಯುತ್ತಲೇ ಇರುತ್ತದೆ. ಬೆಳ್ಳುಳ್ಳಿ, ಅರಿಶಿನ, ಹುಣಸೆಹುಳಿ, ‘ಹುಳ ತಿಂದಿದೆ, ಹಾಗಾಗಿ ನಾವೂ ತಿನ್ನಬಹುದು’ ಎಲ್ಲವೂ ಇದೇ ಜಾತಿಯ ಮಾತು. ಹುಳದ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ.

ಇನ್ನು ನಿಮ್ಮ ಅತ್ತೆಯವರು. ಅವರ ಮೇಲೆ ನನಗೆ ಒಂಚೂರೂ ಅನುಮಾನವಿಲ್ಲ. ಆದರೆ ಕಾರ್ಕಳದಲ್ಲಿ ಅವರು ಕಿತ್ತು ತರುತ್ತಿದ್ದದ್ದು ಹುತ್ತದ ಅಣಬೆ ಇರಬೇಕು, ಗೋವಾದವರು ರೊಯೆನ್ ಅಳ್ಮಿ ಅಂತ ಎಲೆಯಲ್ಲಿ ಕಟ್ಟಿ ರಸ್ತೆ ಬದಿ ಮಾರುತ್ತಾರಲ್ಲ, ಅದೇ ಬಳಗ, ಟರ್ಮಿಟೊಮೈಸಿಸ್. ಅವರಿಗೆ ಗೊತ್ತಿದ್ದದ್ದು ಅಣಬೆ ಒಂದೇ ಅಲ್ಲ. ಯಾವ ಹುತ್ತ, ಯಾವ ಗುಡ್ಡ, ಯಾವ ವಾರ ಅನ್ನುವುದೂ ಗೊತ್ತಿತ್ತು. ಡೊಂಬಿವಲಿಯ ಲಾನ್‌ಗೆ ಬಂದಾಗ ಅದರಲ್ಲಿ ಮುಕ್ಕಾಲು ಭಾಗ ಕಾರ್ಕಳದಲ್ಲೇ ಉಳಿದುಹೋಯಿತು.

ನಿಮ್ಮ ಲಾನ್‌ನಲ್ಲಿ ಎದ್ದಿರುವುದು, ನೀವು ಬರೆದ ಪ್ರಕಾರ, ಬಹುತೇಕ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಅನ್ನುವ ವಿಷದ ಅಣಬೆ. ಹುಲ್ಲುಹಾಸು, ಪಾರ್ಕು, ಕ್ರಿಕೆಟ್ ಮೈದಾನ ಅಂದರೆ ಅದಕ್ಕೆ ಪ್ರೀತಿ. ಬಿಳಿ ಕೊಡೆ ಊಟದ ತಟ್ಟೆಯಷ್ಟು ಅಗಲ ಆಗುವುದೂ ಉಂಟು. ನಡುವೆ ಕಂದು ಬಣ್ಣದ ಒಂದು ಬಿಲ್ಲೆ, ಅದು ಒಡೆದು ಸುತ್ತ ಚಕ್ಕೆಗಳಾಗಿರುತ್ತದೆ. ಇಷ್ಟು ಮೇಲಿಂದ ಕಾಣುತ್ತದೆ. ಮುಂಬೈ ಮಳೆ ನಾಲ್ಕು ಗಂಟೆ ಹೊಡೆದರೆ ಚಕ್ಕೆ ತೊಳೆದು ಹೋಗಿ ಅದೂ ಕಾಣುವುದಿಲ್ಲ. ಅದಕ್ಕೇ ಹೇಳುವುದು, ಬಗ್ಗಿ ಅಂತ. ಮಂಡಿ ನೋವಿದ್ದರೆ ಮೊಮ್ಮಕ್ಕಳನ್ನು ಬಗ್ಗಿಸಿ.

ಕೊಡೆಯನ್ನು ತಿರುಗಿಸಿ ನೋಡಿ. ಪುಸ್ತಕದ ಹಾಳೆಗಳ ಹಾಗೆ ಸಾಲಾಗಿ ನಿಂತಿರುವುದು ಗಿಲ್. ನೋಡಬೇಕಾದದ್ದು ಎರಡು. ಒಂದು, ಗಿಲ್ ಕಾಂಡವನ್ನು ಮುಟ್ಟುತ್ತದೋ, ಕಾಂಡದ ಮೇಲೆ ಕೆಳಗಿಳಿಯುತ್ತದೋ, ಅಥವಾ ಮುಟ್ಟದೆ ನಡುವೆ ಒಂದು ಸಣ್ಣ ಕಾಲುವೆ ಬಿಟ್ಟಿರುತ್ತದೋ. ನಿಮ್ಮ ಲಾನ್‌ನದು ಮುಟ್ಟುವುದಿಲ್ಲ. ಹುತ್ತದ ಅಣಬೆಯದೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಮಾನಿಟಾ ಅಂತ ಇನ್ನೊಂದು ಬಳಗವಿದೆ, ಅದರಲ್ಲಿ ಕೊಲ್ಲುವಂಥವುಗಳದೂ ಹೆಚ್ಚಾಗಿ ಹಾಗೇ. ಅಂದರೆ ಇದೊಂದನ್ನೇ ನೋಡಿ ಒಲೆ ಹಚ್ಚಿದವರು ಕೆಟ್ಟರು. ಎರಡನೆಯದು ಬಣ್ಣ, ಎಡವುವುದು ಇಲ್ಲೇ. ನಿಮ್ಮ ಲಾನ್‌ನದು ಎಳೆಯದಿದ್ದಾಗ ಗಿಲ್ ಬೆಳ್ಳಗೆ, ಹಾಲಿನಷ್ಟು ಬೆಳ್ಳಗೆ ಇರುತ್ತದೆ. ಬಲಿತ ಮೇಲೆ ನಿಧಾನಕ್ಕೆ ಬೂದುಹಸಿರಿಗೆ ತಿರುಗುತ್ತದೆ. ಕ್ಲೋರೋ ಅಂದರೆ ಹಸಿರು, ಹೆಸರು ಬಂದದ್ದೂ ಅದಕ್ಕೇ.

ಎಂ.ಎಸ್ಸಿ ಮೊದಲ ವರ್ಷದಲ್ಲಿ ನಾನೂ ಎಡವಿದ್ದೇನೆ. ಪುಣೆಯ ಲೇಡೀಸ್ ಹಾಸ್ಟೆಲ್‌ನ ಲಾನ್‌ನಲ್ಲಿ ಇನ್ನೂ ಅರಳದ ಎಂಟು ಅಣಬೆ ಕಿತ್ತು, ಗಿಲ್ ಬಿಳಿ, ವಾಸನೆ ಚೆನ್ನಾಗಿದೆ, ನಾನು ಬಾಟನಿ ಓದುವವಳು ಅನ್ನುವ ಜಂಭದಲ್ಲಿ ರೂಮಿನ ಹೀಟರ್ ಮೇಲೆ ಬೆಣ್ಣೆ ಹಾಕಿ ಹುರಿದೆ. ರುಚಿ ನಿಜಕ್ಕೂ ಚೆನ್ನಾಗಿತ್ತು. ಎರಡು ಗಂಟೆಯೊಳಗೆ ವಾಂತಿ ಶುರುವಾಯಿತು, ಬೆಳಗಿನ ಜಾವದ ತನಕ ನಿಲ್ಲಲಿಲ್ಲ, ಬೇಧಿ ಬೇರೆ, ಡ್ರಿಪ್ ಹಾಕಿಸಿಕೊಂಡೆ. ಮರುದಿನ ಕಿಟಕಿಯಿಂದ ನೋಡಿದರೆ ಲಾನ್‌ನಲ್ಲಿ ನಾನು ಬಿಟ್ಟಿದ್ದ ಎರಡು ಅಣಬೆ ಪೂರ್ತಿ ಅರಳಿದ್ದವು. ಇಳಿದು ಹೋಗಿ ತಿರುಗಿಸಿದೆ. ಗಿಲ್ ಹಸಿರು.

ಅದಕ್ಕೇ ಸ್ಪೋರ್ ಪ್ರಿಂಟ್, ಅಂದರೆ ಗಿಲ್‌ನಿಂದ ಉದುರುವ ಬೀಜದಂಥ ಪುಡಿಯ ಅಚ್ಚು. ಕಾಂಡ ಕತ್ತರಿಸಿ, ಕೊಡೆಯನ್ನು ಗಿಲ್ ಕೆಳಗೆ ಬರುವ ಹಾಗೆ ಕಾಗದದ ಮೇಲಿಡಿ. ಕಾಗದ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ, ಇಲ್ಲದಿದ್ದರೆ ಬಿಳಿ ಪುಡಿ ಬಿದ್ದದ್ದು ಗೊತ್ತೇ ಆಗುವುದಿಲ್ಲ. ಮೇಲೆ ಒಂದು ಬಟ್ಟಲು ಕವುಚಿ ರಾತ್ರಿ ಬಿಡಿ. ಬೆಳಿಗ್ಗೆ ಎತ್ತಿದರೆ ಗಿಲ್‌ನ ಗೆರೆ ಗೆರೆಯೂ ಪುಡಿಯಲ್ಲಿ ಅಚ್ಚಾಗಿರುತ್ತದೆ, ರಂಗೋಲಿ ಹಾಕಿದ ಹಾಗೆ. ಕ್ಲೋರೋಫಿಲಮ್‌ನದು ಒಣ ಬಟಾಣಿಗೆ ಸ್ವಲ್ಪ ಬೂದಿ ಕಲಸಿದ ಬಣ್ಣ. ಅಂಗಡಿಯ ಬಟನ್ ಅಣಬೆ ಬಲಿತರೆ ಚಾಕೊಲೇಟ್ ಕಂದು. ಅಮಾನಿಟಾ ಬಿಳಿ. ಹುತ್ತದ ಅಣಬೆ ತಿಳಿ ಗುಲಾಬಿ. ಹಾಗಂತ ಗುಲಾಬಿ ಬಂತು ಅಂತ ಕುಣಿಯಬೇಡಿ, ಎಂಟೊಲೋಮಾ ಅನ್ನುವ ಬೇರೊಂದು ಬಳಗದ ಅಚ್ಚೂ ಗುಲಾಬಿಯೇ, ಅದರಲ್ಲಿ ವಿಷದವು ಇವೆ. ಅಚ್ಚು ‘ಬೇಡ’ ಅಂತ ಹೇಳಲು ಸಾಕು, ‘ತಿನ್ನಿ’ ಅಂತ ಹೇಳಲು ಸಾಲದು.

ಕೊನೆಗೆ ಬುಡ. ನೆಲದ ಮಟ್ಟಕ್ಕೆ ಚಿವುಟಿ ತಂದ ಅಣಬೆಯನ್ನು ನನಗೆ ತೋರಿಸಲೇಬೇಡಿ. ಚಮಚ ಹಾಕಿ ಬುಡಸಮೇತ ಎಬ್ಬಿಸಬೇಕು. ಹುತ್ತದ ಅಣಬೆಯ ಬಹುತೇಕ ಜಾತಿಗಳ ಕಾಂಡ ಬೇರಿನ ಹಾಗೆ ಮಣ್ಣೊಳಗೆ ಇಳಿದು ಗೆದ್ದಲಿನ ಗೂಡಿನ ತನಕ ಹೋಗುತ್ತದೆ, ಕೊಡೆಯ ನಡುವೆ ಗಟ್ಟಿ ಮೊನೆ ಇರುತ್ತದೆ. ನಿಮ್ಮ ಲಾನ್‌ನದರ ಬುಡ ಸ್ವಲ್ಪ ದಪ್ಪ, ಅಲ್ಲಿಗೆ ಮುಗಿಯಿತು. ಕಾಂಡದ ಮೇಲೊಂದು ಬಳೆ, ಬಲಿತದ್ದರಲ್ಲಿ ಕೈಬಳೆಯ ಹಾಗೆ ಮೇಲೆ ಕೆಳಗೆ ಜಾರುತ್ತದೆ. ಬುಡದಲ್ಲಿ ಮೊಟ್ಟೆ ಚಿಪ್ಪಿನಂಥ ಚೀಲ, ಮೇಲೆ ಬಳೆ, ಬಿಳಿ ಗಿಲ್, ಮೂರೂ ಒಟ್ಟಿಗೆ ಕಂಡರೆ ಅದನ್ನು ವಿಷದ ಅಮಾನಿಟಾ ಅಂತಲೇ ತಿಳಿಯಿರಿ. ಚಿವುಟಿ ತಂದವರ ಚೀಲ ಮಣ್ಣಲ್ಲೇ ಉಳಿದಿರುತ್ತದೆ.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಆಸೆಯಾಗಿದ್ದರೆ ಊರಿಂದಲೇ ತರಿಸಿಕೊಡಿ. ಲಾನ್‌ಗೆ ಔಷಧಿ ಹೊಡೆಯಬೇಕು ಅಂತ ಸೆಕ್ರೆಟರಿ ಹೇಳಿದರೆ ಬೇಡ ಅನ್ನಿ, ಅಣಬೆಯ ನಿಜವಾದ ಮೈ ಮಣ್ಣೊಳಗಿದೆ. ಪುಟ್ಟ ಮಕ್ಕಳು, ನಾಯಿ ಬಾಯಿಗೆ ಹಾಕದ ಹಾಗೆ ದಿನಾ ಬೆಳಿಗ್ಗೆ ಕಿತ್ತು ಎಸೆದರೆ ಸಾಕು. ಮುಟ್ಟಿದರೆ ಏನೂ ಆಗುವುದಿಲ್ಲ, ಕೈ ತೊಳೆದುಕೊಳ್ಳಿ.

ಪ್ರಶ್ನೆ: ಮೊಬೈಲ್ ಆ್ಯಪ್ ತೋರಿಸಿದ್ದನ್ನು ನಂಬಬಹುದಾ? (ಕೋಥ್ರೂಡ್)

ಹೆಸರು ಕಲಿಯಲು ನಂಬಿ. ಹೊಟ್ಟೆಗೆ ಹಾಕಲು ಬೇಡ.

ಪ್ರಶ್ನೆ: ರೊಯೆನ್ ಅಳ್ಮಿಯ ಬೀಜ ಆನ್‌ಲೈನ್‌ನಲ್ಲಿ ಸಿಗುತ್ತದೆ. ಟೆರೇಸ್‌ನಲ್ಲಿ ಬೆಳೆಯಬಹುದಾ? (ಪೋಂಡಾ)

ಟೆರೇಸ್‌ನಲ್ಲಿ ಗೆದ್ದಲು ಸಾಕಿದ್ದೀರಾ? ಆ ಅಣಬೆ ಗೆದ್ದಲಿನ ಗೂಡಿನೊಳಗೆ, ಅವು ಕಟ್ಟಿದ ತೋಟದಲ್ಲೇ ಬೆಳೆಯುತ್ತದೆ. ಬೀಜ ಮಾರುವವನು ನಿಮ್ಮ ದುಡ್ಡನ್ನು ಬೆಳೆಯುತ್ತಿದ್ದಾನೆ. ಚಿಪ್ಪಣಬೆ ಬೆಳೆಯಿರಿ, ಭತ್ತದ ಒಣಹುಲ್ಲಿನ ಮೇಲೆ ಸುಲಭವಾಗಿ ಬರುತ್ತದೆ. ಇನ್ನೊಂದು ಮಾತು, ಅಭಯಾರಣ್ಯದೊಳಗೆ ಹೋಗಿ ಅಳ್ಮಿ ಕೀಳುವುದು ಕಾನೂನಿಗೆ ವಿರುದ್ಧ, ಹುತ್ತ ಅಗೆದರಂತೂ ಮುಂದಿನ ವರ್ಷ ಅಲ್ಲಿ ಏನೂ ಏಳುವುದಿಲ್ಲ.

ಪ್ರಶ್ನೆ: ಪರಿಚಯದವರೊಬ್ಬರು ಅಣಬೆ ತಿಂದು ವಾಂತಿ ಮಾಡಿಕೊಂಡರು. ನಾಟಿ ವೈದ್ಯರು ಉಪ್ಪುನೀರು ಕುಡಿಸಿದರು, ಮರುದಿನ ಸರಿಹೋದರು. ಇದು ಸರಿಯಾದ ಚಿಕಿತ್ಸೆಯೇ? (ಪಿಂಪ್ರಿ)

ಅಲ್ಲ. ಅವರ ಅದೃಷ್ಟ, ವೈದ್ಯರದಲ್ಲ. ತಿಂದ ಒಂದೆರಡು ಗಂಟೆಯಲ್ಲಿ ವಾಂತಿ ಬಂದರೆ ಸಾಮಾನ್ಯವಾಗಿ ನನ್ನ ಹಾಸ್ಟೆಲ್ ಕಥೆ. ಆರು ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಹನ್ನೆರಡು ಗಂಟೆಯೂ ಕಳೆದ ಮೇಲೆ ಶುರುವಾದರೆ ಭಯಪಡಬೇಕು, ಅದು ಅಮಾಟಾಕ್ಸಿನ್, ಅಂದರೆ ಕೊಲ್ಲುವ ಅಮಾನಿಟಾಗಳ ವಿಷ, ಇರಬಹುದು. ಕುದಿಸಿದರೂ ಹೋಗುವುದಿಲ್ಲ ಅದು. ವಾಂತಿ ನಿಂತು ಒಂದು ದಿನ ಆರಾಮ ಅನಿಸುತ್ತದೆ, ವೈದ್ಯರು ಶಹಬ್ಬಾಸ್‌ಗಿರಿ ತೆಗೆದುಕೊಳ್ಳುತ್ತಾರೆ, ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡಿನ ಅಣಬೆ ತಿಂದು 13 ಜನ ಸತ್ತರು, ಟೀ ತೋಟದ ಬಡವರೇ ಹೆಚ್ಚು. ದೊಡ್ಡ ಆಸ್ಪತ್ರೆಗೆ ಹೋಗಿ, ಉಳಿದ ಪಲ್ಯ, ಕಸದಲ್ಲಿರುವ ಚೂರು, ಏನಿದ್ದರೂ ಡಬ್ಬಿಯಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಎಷ್ಟು ಗಂಟೆಗೆ ತಿಂದದ್ದು, ಎಷ್ಟು ಗಂಟೆಗೆ ವಾಂತಿ ಬಂದದ್ದು, ಬರೆದುಕೊಳ್ಳಿ.

ಪ್ರಶ್ನೆ: ಅಣಬೆ ತಿಂದ ದಿನ ಫೆನಿ ಕುಡಿಯಬಾರದಂತೆ, ನಿಜವಾ? (ಮಡಗಾಂವ್)

ಒಂದು ಅಣಬೆಯ ಮಟ್ಟಿಗೆ ಪೂರ್ತಿ ನಿಜ. ಕೊಪ್ರಿನಾಪ್ಸಿಸ್ ಅಟ್ರಮೆಂಟೇರಿಯಾ ಅಂತ, ಬಲಿತರೆ ಕರಗಿ ಮಸಿಯಾಗಿ ತೊಟ್ಟಿಕ್ಕುತ್ತದೆ. ಅದನ್ನು ತಿಂದು ಕುಡಿದರೆ ಮುಖ ಕೆಂಪಾಗಿ ಎದೆ ಡವಡವ ಹೊಡೆದುಕೊಳ್ಳುತ್ತದೆ, ಮರುದಿನ ಕುಡಿದರೂ ಬಿಡುವುದಿಲ್ಲ. ನಿಮ್ಮ ತಟ್ಟೆಯಲ್ಲಿರುವುದು ಯಾವ ಅಣಬೆ ಅಂತ ಬರೆದಿಲ್ಲ ನೀವು. ಗೊತ್ತಿಲ್ಲದಿದ್ದರೆ ಫೆನಿಯೊಂದೇ ಸಾಕು.