ಗಾಜಿನ ಗೋಳದೊಳಗಿನ ಚಿತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಲ್ಲೇ ಛಾಯಾಚಿತ್ರಗಳ ಪ್ರಯೋಗ ಮಾಡಲೆಂದು 80 ಮಿ.ಮೀ. ವ್ಯಾಸದ ಗಾಜಿನ ಗೋಳವೊಂದನ್ನು ತಂದಿದ್ದೇನೆ. ಅದನ್ನು ಮೇಜಿನ ಮೇಲಿಟ್ಟು ಹಿಂದೆ ಹೂಗಿಡವೊಂದನ್ನು ಇರಿಸಿ ಚಿತ್ರ ತೆಗೆದರೆ, ಗೋಳದ ಅಂಚು ಸ್ಪಷ್ಟವಾಗಿ ಬಂದಾಗ ಒಳಗಿನ ಗಿಡ ಮಸುಕಾಗುತ್ತದೆ. ಗಿಡ ಸ್ಪಷ್ಟವಾದಾಗ ಅಂಚು ಕರಗಿಹೋಗುತ್ತದೆ. ದೋಷ ಕ್ಯಾಮೆರಾದ್ದೋ, ಗೋಳದ್ದೋ?

ಉತ್ತರ: ಎರಡರದ್ದೂ ಅಲ್ಲ. ಗಿಡದ ಚಿತ್ರವು ಗೋಳದ ಒಳಗಿದೆ ಎಂದು ನಮ್ಮ ಕಣ್ಣಿಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ಗೋಳದ ಹೊರಗೆ, ನಿಮಗೂ ಗೋಳಕ್ಕೂ ನಡುವಿನ ಗಾಳಿಯಲ್ಲಿ ಮೂಡಿರುತ್ತದೆ. ಗೋಳವೆಂದರೆ ಬಹಳ ದಪ್ಪನೆಯ ಪೀನ ಮಸೂರ. ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆ) ಸುಮಾರು 1.5 ಆಗಿರುವುದರಿಂದ, ದೂರದ ವಸ್ತುವಿನಿಂದ ಬಂದ ಬೆಳಕು ಗೋಳದ ಕೇಂದ್ರದಿಂದ ವ್ಯಾಸದ ಮುಕ್ಕಾಲು ಭಾಗದಷ್ಟು ಆಚೆಗೆ ಸೇರುತ್ತದೆ. ಅಂದರೆ ನಿಮ್ಮ ಗೋಳದಲ್ಲಿ ಅದರ ಮೇಲ್ಮೈಯಿಂದ ಹೆಚ್ಚುಕಡಿಮೆ 2 ಸೆಂ.ಮೀ. ಮುಂದಕ್ಕೆ. ಇದನ್ನು ಕಣ್ಣಾರೆ ನೋಡಬೇಕಿದ್ದರೆ ಕೋಣೆಯ ದೀಪ ಆರಿಸಿ, ಗೋಳವನ್ನು ಬೆಳಕಿರುವ ಕಿಟಕಿಗೆ ಎದುರಾಗಿಟ್ಟು, ಕಿಟಕಿಯಿಲ್ಲದ ಬದಿಯಲ್ಲಿ ಒಂದು ತುಂಡು ಟ್ರೇಸಿಂಗ್ ಪೇಪರನ್ನು ಗೋಳಕ್ಕೆ ತಾಗಿಸಿ ಹಿಡಿದು ನಿಧಾನವಾಗಿ ಹಿಂದಕ್ಕೆ ಸರಿಸಿ. ಬೆರಳಿನಗಲ ಸರಿಯುವಷ್ಟರಲ್ಲಿ ಕಿಟಕಿಯ ಸರಳುಗಳು ತಲೆಕೆಳಗಾಗಿ ಕಾಗದದ ಮೇಲೆ ಗೆರೆ ಎಳೆದಂತೆ ಮೂಡುತ್ತವೆ. ನೀವು ಚಿತ್ರ ತೆಗೆಯಬೇಕಾದದ್ದು ಅದನ್ನು, ಗಾಜನ್ನಲ್ಲ.

ಈಗ ನಿಮ್ಮ ತೊಡಕಿಗೆ ಬರೋಣ. ಗೋಳದ ವೃತ್ತಾಕಾರದ ಅಂಚಾಗಿ ಕ್ಯಾಮೆರಾಗೆ ಕಾಣುವುದು ಹೆಚ್ಚುಕಡಿಮೆ ಅದರ ನಡುಮಟ್ಟ; ಗಿಡದ ಪ್ರತಿಬಿಂಬ ಇರುವುದು ಅಲ್ಲಿಂದ ಸುಮಾರು 6 ಸೆಂ.ಮೀ. ಮುಂದೆ. 50 ಮಿ.ಮೀ. ಲೆನ್ಸಿನ ಅಪರ್ಚರನ್ನು (ಬೆಳಕು ಒಳಬರುವ ರಂಧ್ರ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಅದು ಕಿರಿದು) ಎಫ್/1.8ರಷ್ಟು ಅಗಲ ತೆರೆದಿಟ್ಟು ಅರ್ಧ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಒಂದು ಸೆಂ.ಮೀ.ಗಿಂತಲೂ ಕಡಿಮೆ, ಆದ್ದರಿಂದ ಎರಡೂ ಒಟ್ಟಿಗೆ ಸಿಗುವ ಮಾತೇ ಇಲ್ಲ. ಒಂದು ಮೀಟರ್‌ನಷ್ಟು ಹಿಂದೆ ಸರಿದು ಅಪರ್ಚರನ್ನು ಎಫ್/8ಕ್ಕೆ ಇಳಿಸಿದರೆ ಆ ಆಳ 10 ಸೆಂ.ಮೀ. ದಾಟುತ್ತದೆ, ಆಗ ಅಂಚೂ ಪ್ರತಿಬಿಂಬವೂ ಒಟ್ಟಿಗೆ ಹಿಡಿತಕ್ಕೆ ಬರುತ್ತವೆ. ಇದಕ್ಕೆ ಇನ್ನೊಂದು ಲಾಭವೂ ಉಂಟು: ಗೋಳದ ಬದಿಗಳಿಂದ ಬಂದ ಕಿರಣಗಳು ನಡುವಿನ ಕಿರಣಗಳೊಂದಿಗೆ ಒಂದೇ ಕಡೆ ಸೇರದ ಕಾರಣ ಪ್ರತಿಬಿಂಬ ಸಹಜವಾಗಿಯೇ ತುಸು ಮಬ್ಬಾಗಿರುತ್ತದೆ, ಅಪರ್ಚರ್ ಕಿರಿದಾದಂತೆ ಆ ಮಬ್ಬು ಕಡಿಮೆಯಾಗುತ್ತದೆ. ಹಿನ್ನೆಲೆ ಸಂಪೂರ್ಣ ಕರಗಿರಬೇಕೆಂಬ ಆಸೆಯಿಂದ ಅಪರ್ಚರನ್ನು ಅಗಲವಾಗಿ ತೆರೆಯುವ ಅಭ್ಯಾಸವನ್ನು ಗೋಳದ ಚಿತ್ರಗಳಲ್ಲಿ ಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಹಿನ್ನೆಲೆಯನ್ನೇ ಇನ್ನಷ್ಟು ದೂರ ಇಟ್ಟರಾಯಿತು. ಆದರೆ ದೂರವಿಟ್ಟಷ್ಟೂ ಪ್ರತಿಬಿಂಬ ಚಿಕ್ಕದಾಗುತ್ತದೆ ಎಂಬುದೂ ನೆನಪಿರಲಿ: 50 ಸೆಂ.ಮೀ. ಎತ್ತರದ ಗಿಡ ಒಂದು ಮೀಟರ್ ದೂರದಲ್ಲಿದ್ದರೆ ನಿಮ್ಮ ಗೋಳದಲ್ಲಿ ಅದರ ಎತ್ತರ 3 ಸೆಂ.ಮೀ. ಮಾತ್ರ.

ಫೋಕಸನ್ನು ಕ್ಯಾಮೆರಾದ ತೀರ್ಮಾನಕ್ಕೆ ಬಿಡಬೇಡಿ. ಗಾಜಿನ ಮೇಲಿನ ಹೊಳಪನ್ನೋ ಹಿಂದಿನ ಗೋಡೆಯನ್ನೋ ಅದು ಹಿಡಿದುಕೊಳ್ಳುತ್ತದೆ. ಟ್ರೈಪಾಡ್ ಮೇಲಿಟ್ಟು, ಪರದೆಯಲ್ಲಿ ಪ್ರತಿಬಿಂಬದ ಭಾಗವನ್ನು ದೊಡ್ಡದು ಮಾಡಿಕೊಂಡು, ಕೈಯಿಂದಲೇ ಫೋಕಸ್ ಮಾಡಿ.

ಪ್ರಶ್ನೆ: ಗೋಳದಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಚಿತ್ರವನ್ನು ಕಂಪ್ಯೂಟರಿನಲ್ಲಿ ತಿರುಗಿಸಿದರೆ ಗೋಳವೇ ಮೇಲಿನಿಂದ ನೇತಾಡುವಂತೆ ಆಗುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ, ಅದೂ ಮನೆಯೊಳಗೆ ಮಾತ್ರ ಸುಲಭವಾಗಿ ಸಾಧ್ಯವಾಗುವ ದಾರಿ. ಹೊರಗಿನ ಬೆಟ್ಟವನ್ನು ಯಾರೂ ತಲೆಕೆಳಗು ಮಾಡಲಾರರು. ಮನೆಯಲ್ಲಿ ಹಿನ್ನೆಲೆಯನ್ನೇ ತಿರುಗಿಸಿ ಇಡಬಹುದು. ಒಂದು ದೊಡ್ಡ ಮುದ್ರಿತ ಚಿತ್ರವನ್ನು ಅಥವಾ ಟ್ಯಾಬ್ಲೆಟ್ಟಿನ ಪರದೆಯನ್ನು ತಲೆಕೆಳಗಾಗಿ ನಿಲ್ಲಿಸಿ ಮುಂದೆ ಗೋಳವನ್ನಿಟ್ಟರೆ ಪ್ರತಿಬಿಂಬ ನೆಟ್ಟಗೆ ಬರುತ್ತದೆ, ಹಿಂದಿನ ಚಿತ್ರ ಸಾಕಷ್ಟು ಮಸುಕಾಗಿದ್ದರೆ ಅದು ತಿರುಗಿರುವುದು ನೋಡುವವರ ಗಮನಕ್ಕೇ ಬಾರದು. ಹೂವು, ಎಲೆ, ಪುಟ್ಟ ಬಲ್ಬುಗಳ ಸರಮಾಲೆ ಮುಂತಾದ ಮೇಲು ಕೆಳಗಿನ ಗುರುತಿಲ್ಲದ ವಸ್ತುಗಳನ್ನು ಆರಿಸಿಕೊಂಡರೆ ಈ ಸಮಸ್ಯೆಯೇ ಹುಟ್ಟುವುದಿಲ್ಲ. ಇಷ್ಟಾದರೂ, ತಲೆಕೆಳಗಾದ ಪ್ರತಿಬಿಂಬವನ್ನು ದೋಷವೆಂದು ತಿಳಿದು ಪ್ರತಿಸಲವೂ ತಿದ್ದಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ; ಗೋಳ ತನ್ನ ಹಿಂದಿನ ಜಗತ್ತನ್ನು ಮಗುಚಿ ಹಾಕುವುದನ್ನು ನೋಡುವುದರಲ್ಲೇ ಈ ಚಿತ್ರಗಳ ಸೊಗಸು ಅರ್ಧದಷ್ಟಿದೆ.

ಪ್ರಶ್ನೆ: ಚಿತ್ರದಲ್ಲಿ ಗಿಡಕ್ಕಿಂತ ಹೆಚ್ಚಾಗಿ ನಾನೂ ನನ್ನ ಬೆನ್ನ ಹಿಂದಿನ ಕಿಟಕಿಯೂ ಕಾಣಿಸುತ್ತಿದ್ದೇವೆ, ಅದೂ ಎರಡೆರಡು ಬಾರಿ. ತಪ್ಪಿಸುವುದು ಹೇಗೆ?

ಉತ್ತರ: ಗೋಳದ ಮುಂಭಾಗ ಉಬ್ಬುಗನ್ನಡಿಯಂತೆ ಕೆಲಸ ಮಾಡಿ ನಿಮ್ಮನ್ನು ನೆಟ್ಟಗೆ ತೋರಿಸುತ್ತದೆ, ಹಿಂಭಾಗದ ಒಳಮೈ ತಗ್ಗುಗನ್ನಡಿಯಂತಿದ್ದು ತಲೆಕೆಳಗಾಗಿ ತೋರಿಸುತ್ತದೆ. ನಿಮ್ಮ ಕಡೆಯಿಂದ ಒಂದು ಟಾರ್ಚನ್ನು ಹಿಡಿದು ಪಕ್ಕಕ್ಕೆ ಸರಿಸಿ ನೋಡಿದರೆ ಗೋಳದಲ್ಲಿ ಎರಡು ಚುಕ್ಕೆಗಳು ವಿರುದ್ಧ ದಿಕ್ಕುಗಳಿಗೆ ಸರಿಯುವುದು ಕಾಣುತ್ತದೆ. ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ, ಆದ್ದರಿಂದ ಉಪಾಯ ಸರಳ: ಕ್ಯಾಮೆರಾದ ಬದಿ ಕತ್ತಲಿರಲಿ, ವಸ್ತುವಿನ ಬದಿ ಬೆಳಕಿರಲಿ. ಹಿಂದಿನ ಕಿಟಕಿಗೆ ಪರದೆ ಎಳೆಯಿರಿ, ಕಪ್ಪು ಬಟ್ಟೆಯೊಂದರಲ್ಲಿ ಲೆನ್ಸಿನಷ್ಟು ರಂಧ್ರ ಮಾಡಿ ಕ್ಯಾಮೆರಾದ ಮುಂದೆ ಇಳಿಬಿಡಿ, ಬಿಳಿ ಅಂಗಿ ತೊಟ್ಟಿದ್ದರೆ ಬದಲಿಸಿ. ಫ್ಲ್ಯಾಶ್ ಬೇಡವೇ ಬೇಡ. ಹೊಳಪು ತಗ್ಗಿಸಲು ಲೆನ್ಸಿಗೆ ಹಾಕುವ ಪೋಲರೈಸಿಂಗ್ ಫಿಲ್ಟರಿನ ಮೇಲೆ ಹೆಚ್ಚು ಭರವಸೆ ಇಡಬೇಡಿ, ಏಕೆಂದರೆ ಗೋಳದ ಮೈ ಎಲ್ಲ ಕೋನಗಳಿಗೂ ತಿರುಗಿರುವುದರಿಂದ ಅದು ಕೆಲವು ಹೊಳಪನ್ನು ಮಾತ್ರ ಅಳಿಸೀತು.

ಬೆರಳಚ್ಚುಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಫೋಕಸ್ ಬಿಂದು ಗಾಜಿನ ಮೈಗೆ ಬಹಳ ಹತ್ತಿರವಿರುವುದರಿಂದ ಜಿಡ್ಡೂ ಧೂಳಿನ ಎಳೆಯೂ ಚಿತ್ರದಲ್ಲಿ ಎದ್ದು ಕಾಣುತ್ತವೆ. ಹತ್ತಿಯ ಕೈಗವಸು ತೊಟ್ಟು ಗೋಳವನ್ನು ಎತ್ತಿಡುವುದು ವಾಸಿ.

ಪ್ರಶ್ನೆ: ಮೊಬೈಲಿನಲ್ಲಿ ಸಾಧ್ಯವೇ?

ಉತ್ತರ: ಖಂಡಿತ. ತೀರಾ ಹತ್ತಿರ ಹೋಗದೆ ತುಸು ದೂರದಿಂದ ಎರಡು ಪಟ್ಟು ಜೂಮ್ ಬಳಸಿ, ಪ್ರತಿಬಿಂಬದ ಮೇಲೆ ಬೆರಳೊತ್ತಿ ಹಿಡಿದು ಫೋಕಸನ್ನು ಬಂಧಿಸಿ, ಬೆಳಕಿನ ಮಟ್ಟವನ್ನು ಸ್ವಲ್ಪ ಇಳಿಸಿ. ಹಿನ್ನೆಲೆಯನ್ನು ತಾನೇ ಮಸುಕಾಗಿಸುವ ಪೋರ್ಟ್ರೇಟ್ ವಿಧಾನ ಬೇಡ. ಪಾರದರ್ಶಕ ಗೋಳದ ಅಂಚು ಎಲ್ಲಿ ಮುಗಿಯಿತೆಂದು ಅದಕ್ಕೆ ಸರಿಯಾಗಿ ತಿಳಿಯದೆ ಅಂಚನ್ನೇ ಕಲಸಿಬಿಡುವುದುಂಟು.

ಪ್ರಶ್ನೆ: ಗೋಳವನ್ನು ಕಿಟಕಿಯ ಕಟ್ಟೆಯ ಮೇಲೆ ಅಲಂಕಾರಕ್ಕೆ ಇಟ್ಟಿರುತ್ತೇವೆ. ಅದರಿಂದ ಬೆಂಕಿ ಹತ್ತಬಹುದೆಂದು ಮನೆಯ ಹಿರಿಯರು ಹೇಳುತ್ತಾರೆ. ನಿಜವೇ?

ಉತ್ತರ: ಹಿರಿಯರ ಮಾತು ನೂರಕ್ಕೆ ನೂರು ನಿಜ, ಇಂದೇ ತೆಗೆದಿಡಿ. ಮೇಲೆ ಹೇಳಿದ ಆ 2 ಸೆಂ.ಮೀ. ದೂರದಲ್ಲಿ ಪರದೆಯೋ ಕಾಗದವೋ ಇದ್ದರೆ ಬಿಸಿಲು ಅಲ್ಲಿಯೇ ಕೇಂದ್ರೀಕೃತವಾಗುತ್ತದೆ. ಇದು ಎಷ್ಟು ಖಚಿತವೆಂದರೆ ಹವಾಮಾನ ವಿಜ್ಞಾನದಲ್ಲಿ ಇದನ್ನೇ ಒಂದು ಉಪಕರಣವನ್ನಾಗಿ ಮಾಡಿಕೊಂಡಿದ್ದಾರೆ: ಜಾನ್ ಫ್ರಾನ್ಸಿಸ್ ಕ್ಯಾಂಪ್‌ಬೆಲ್ 1853ರಲ್ಲಿ ರೂಪಿಸಿ, ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1879ರಲ್ಲಿ ಸುಧಾರಿಸಿದ ಬಿಸಿಲುಮಾಪಕದಲ್ಲಿ ಗಾಜಿನ ಗೋಳವೊಂದು ಹಿಂದಿನ ರಟ್ಟಿನ ಪಟ್ಟಿಯನ್ನು ಸುಡುತ್ತಾ ಹೋಗುತ್ತದೆ, ಸುಟ್ಟ ಗೆರೆಯ ಉದ್ದದಿಂದ ದಿನದಲ್ಲಿ ಎಷ್ಟು ಹೊತ್ತು ಬಿಸಿಲಿತ್ತೆಂದು ಲೆಕ್ಕ ಹಾಕುತ್ತಾರೆ. ಸೂರ್ಯ ಮೋಡದಿಂದ ಹೊರಬರಲು ಹೆಚ್ಚು ಹೊತ್ತು ಬೇಕಿಲ್ಲವಾದ್ದರಿಂದ ಮೋಡವಿದೆ ಎಂಬ ಸಮಾಧಾನವೂ ಬೇಡ. ಕೆಲಸವಿಲ್ಲದಾಗ ಗೋಳವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಸೂರ್ಯನನ್ನೇ ಗೋಳದ ಮೂಲಕ ನೋಡುವುದಾಗಲಿ ಕ್ಯಾಮೆರಾದಿಂದ ತೆಗೆಯುವುದಾಗಲಿ ಕೂಡದು.

ಪ್ರಶ್ನೆ: ಗೋಳ ಕೊಳ್ಳುವ ಮೊದಲು ಮನೆಯಲ್ಲಿರುವ ವಸ್ತುವಿನಿಂದಲೇ ಪ್ರಯೋಗಿಸಿ ನೋಡಬಹುದೇ? ಕೊಳ್ಳುವುದಾದರೆ ನಿಜವಾದ ಸ್ಫಟಿಕವೇ ಬೇಕೇ?

ಉತ್ತರ: ಸ್ಫಟಿಕ ಬೇಡ. ನೈಸರ್ಗಿಕ ಸ್ಫಟಿಕ ಬೆಳಕನ್ನು ಎರಡಾಗಿ ಒಡೆಯುವುದರಿಂದ ಹಲವು ಕೋನಗಳಲ್ಲಿ ಪ್ರತಿಬಿಂಬದ ಗೆರೆಗಳು ಜೋಡಿಯಾಗಿ ಕಾಣುತ್ತವೆ. ಗುಳ್ಳೆಗಳಿಲ್ಲದ ಗಾಜೇ ಉತ್ತಮ. ಅಕ್ರಿಲಿಕ್ ಹಗುರವಾದರೂ ಬೇಗ ಗೀಚಿಕೊಳ್ಳುತ್ತದೆ. 80 ಮಿ.ಮೀ. ಗಾಜಿನ ಗೋಳವೇ ಮುಕ್ಕಾಲು ಕಿಲೋ ಹತ್ತಿರ ತೂಗುತ್ತದೆ, ಆದ್ದರಿಂದ ಅದು ಉರುಳದಂತೆ ಕೆಳಗೆ ಒಂದು ರಬ್ಬರ್ ಬಳೆಯನ್ನೋ ಬಾಟಲಿಯ ಮುಚ್ಚಳವನ್ನೋ ಇಡಿ.

ಮೊದಲ ಪ್ರಯೋಗಕ್ಕೆ ತೆಳುಗಾಜಿನ ದುಂಡನೆಯ ಹೂಜಿಯಲ್ಲಿ ಕಂಠದವರೆಗೆ ನೀರು ತುಂಬಿದರೆ ಸಾಕು. ನೀರಿನ ಸೂಚ್ಯಂಕ 1.33 ಆಗಿರುವುದರಿಂದ ದೂರದ ವಸ್ತುಗಳ ಪ್ರತಿಬಿಂಬ ಮೈಯಿಂದ ಅರ್ಧ ವ್ಯಾಸದಷ್ಟು ಮುಂದೆ ನಿಲ್ಲುತ್ತದೆ, ಅಷ್ಟೇ ಗಾತ್ರದ ಗಾಜಿನ ಗೋಳದಲ್ಲಿ ಮೂಡುವುದಕ್ಕಿಂತ ದೊಡ್ಡದಾಗಿಯೂ ಇರುತ್ತದೆ. ಕುದಿಸಿ ಆರಿಸಿದ ನೀರನ್ನು ಹೂಜಿಯ ಗೋಡೆಗುಂಟ ನಿಧಾನವಾಗಿ ಸುರಿದರೆ ಗುಳ್ಳೆಗಳು ಕೂರುವುದಿಲ್ಲ. ಬಿಸಿಲಿನ ವಿಷಯದಲ್ಲಿ ನೀರು ತುಂಬಿದ ಹೂಜಿಗೂ ಅದೇ ಎಚ್ಚರಿಕೆ ಅನ್ವಯಿಸುತ್ತದೆ; ಕೆಲಸ ಮುಗಿದೊಡನೆ ನೀರು ಚೆಲ್ಲಿಬಿಡಿ.