1980ರ ಗದಗಕ್ಕೆ ಹುಡುಗನನ್ನು ಕಳಿಸುವ ಮುಂಚೆ

ಮೇಡಂ, ನಿಮ್ಮ ಮಕ್ಕಳ ಕಾದಂಬರಿಯ ಹುಡುಗ ಈ ಕಾಲದಿಂದ 1980ರ ಗದಗಕ್ಕೆ ಹೋಗಿ, ತನ್ನದೇ ವಯಸ್ಸಿನ ದೊಡ್ಡಪ್ಪನ ಜೊತೆ ಆಡುತ್ತಾನೆ ಅಂದಿದ್ದೀರಿ. ಆ ಕಾಲ ನಿಜ ಅನಿಸುವ ಹಾಗೆ ಬರೆಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಅಲ್ಲೇ ಬೆಳೆದವನು, ಉತ್ತರ ಸ್ವಲ್ಪ ಉದ್ದ ಆಯಿತು.

ಮೊದಲು ಕಥೆಯಲ್ಲಿರುವ ಆ ಎಸ್‌ಟಿಡಿ ಬೂತ್ ತೆಗೆದುಬಿಡಿ. ಅದು ಬಂದದ್ದು ಆಮೇಲೆ. ಆಗ ಬೇರೆ ಊರಿಗೆ ಫೋನ್ ಮಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಾ ಕೂರಬೇಕಿತ್ತು. ಗದಗ ಜಿಲ್ಲೆ ಅಂತಲೂ ಬೇಡ. ಅದಾಗಿದ್ದು 1997ರಲ್ಲಿ, ಅಲ್ಲಿವರೆಗೆ ಧಾರವಾಡ ಜಿಲ್ಲೆ. ರಾಜರ ಕಾಲದ ಕಥೆಯಲ್ಲಿ ತಪ್ಪಿದರೆ ಯಾರೂ ಕೇಳಲ್ಲ. ಇದನ್ನಾದರೆ ಮೊಮ್ಮಗನಿಗೆ ಓದಿ ಹೇಳುವ ಅಜ್ಜಿಯೇ ನಡುವೆ ತಡೆಯುತ್ತಾರೆ.

ಹುಡುಗ ಪೆಪ್ಪರ್‌ಮಿಂಟಿಗೆ ಹತ್ತರ ನೋಟು ಕೊಡುತ್ತಾನಲ್ಲ, ಅದನ್ನು ಸುಮ್ನೆ ದಾಟಬೇಡಿ. ಈಗಿನ ಗಾಂಧಿ ಚಿತ್ರದ ನೋಟುಗಳು ಶುರುವಾದದ್ದು 1996ರಲ್ಲಿ. ಆಗ ನೋಟಿನ ಮೇಲೆ ಅಶೋಕ ಸ್ತಂಭದ ಸಿಂಹ ಇರುತ್ತಿತ್ತು. ಅಂಗಡಿಯವನು ತಿರುಗಿಸಿ ನೋಡಿ "ಇದೇನ್ಲೇ, ಆಟದ ರೊಕ್ಕ ತಂದೀಯೇನು?" ಅನ್ನಲಿ. ನಿಮಗೆ ಒಂದು ಪುಟದ ವಿವರಣೆ ಉಳಿಯುತ್ತದೆ.

ಇನ್ನು ದಿನ. ಇಡೀ ವರ್ಷ ಯಾಕೆ ಬೇಕು? ಫೆಬ್ರವರಿ 16 ಒಂದೇ ಸಾಕು. ಅವತ್ತು ಶನಿವಾರ, ಪೂರ್ಣ ಸೂರ್ಯಗ್ರಹಣ. ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೇ ನೆರಳು ಹಾದುಹೋಯಿತು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಎರಡು ನಿಮಿಷಕ್ಕೂ ಜಾಸ್ತಿ ಕತ್ತಲೆ. ನಮ್ಮ ಓಣಿಯಲ್ಲಿ ಒಂದು ನರಪಿಳ್ಳೆ ಹೊರಗಿಲ್ಲ. ಅವ್ವ ನೀರಿನ ಕೊಡಕ್ಕೆ, ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಿದ್ದಳು. ಕಿಟಕಿಗೆ ಗೋಣಿಚೀಲ. ಹಿತ್ತಲಲ್ಲಿ ಕೋಳಿಗಳು ತಾವಾಗೇ ಗೂಡು ಸೇರಿದ ಸದ್ದು ಕೇಳಿಸಿತು, ಅಷ್ಟೇ. ಮನೆ ಮೇಲೇ ಹಾದುಹೋದ ಗ್ರಹಣವನ್ನು ನಾನು ನೋಡಲೇ ಇಲ್ಲ. ಈಗಲೂ ಹೊಟ್ಟೆ ಉರಿಯುತ್ತದೆ.

ನಿಮ್ಮ ಹುಡುಗನ ಚೀಲದಲ್ಲಿ ಗ್ರಹಣದ ಕನ್ನಡಕ ಇರಲಿ. ಹೊರಗೆ ಹೋಗಲು ಅವನಿಗೆ ಹೆದರಿಕೆ ಇಲ್ಲ, ದೊಡ್ಡಪ್ಪನಿಗೆ ಇದೆ. ಜಗಳ ಅಲ್ಲೇ ಹುಟ್ಟುತ್ತದೆ. ಒಂದು ಎಚ್ಚರಿಕೆ: ಸೂರ್ಯ ಪೂರ್ತಿ ಮುಚ್ಚಿದ ಆ ಎರಡು ನಿಮಿಷ ಮಾತ್ರ ಕನ್ನಡಕ ತೆಗೆಯಬಹುದು, ಒಂದು ಚೂರು ಬೆಳಕು ಕಂಡರೂ ಮತ್ತೆ ಹಾಕಿಕೊಳ್ಳಬೇಕು. ಓದಿದ ಮಕ್ಕಳು ಮಾಡಿ ನೋಡುತ್ತಾರೆ, ಅಲ್ವಾ?

ಕಾಲಯಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನೋ ಆ ಮೂರು ಪುಟ ಹೊಡೆದುಹಾಕಿ. ಹುಡುಗ ಗ್ರಹಣ ಹಿಡಿದಾಗ ಬರಲಿ, ಬಿಟ್ಟಾಗ ಹೋಗಲಿ. ಕನ್ನಡಕ ಮಾತ್ರ ದೊಡ್ಡಪ್ಪನ ಹತ್ತಿರವೇ ಉಳಿಯಲಿ.